ಗುಂಗುರು ಕೂದಲಿಗೆ ಮನೆಯ ಆರೈಕೆ: ಸೀಗೆ ಕಷಾಯ, ದಾಸವಾಳದ ಲೋಳೆ, ಅಗಸಿ ಜೆಲ್

ದುಮ್ಮವಾಡ (ಕಲಘಟಗಿ ತಾಲ್ಲೂಕು): ಗುಂಗುರು ಕೂದಲಿಗೆಂದೇ ನಗರದ ಅಂಗಡಿಗಳಲ್ಲಿ ಮಾರಾಟವಾಗುವ ಜೆಲ್, ಕ್ರೀಮ್, ಮಾಸ್ಕ್‌ಗಳ ಡಬ್ಬಿಯನ್ನು ತಿರುಗಿಸಿ ಓದಿದರೆ ಅಗಸೆ ಬೀಜ, ದಾಸವಾಳ, ಮೆಂತ್ಯ, ಲೋಳೆಸರ ಮುಂತಾದ ಹೆಸರುಗಳು ಕಣ್ಣಿಗೆ ಬೀಳುತ್ತವೆ. ಧಾರವಾಡ ಜಿಲ್ಲೆಯ ಪಶ್ಚಿಮ ಅಂಚಿನ ಅರೆಮಲೆನಾಡಿನಲ್ಲಿರುವ ದುಮ್ಮವಾಡದಂಥ ಊರುಗಳಿಗೆ ಇವು ಹೊಸ ಪದಾರ್ಥಗಳಲ್ಲ. ಅಗಸಿ ಇಲ್ಲಿ ಚಟ್ನಿಪುಡಿಯಾಗಿ ರೊಟ್ಟಿಯ ಜತೆಗಿರುತ್ತದೆ. ಮೆಂತ್ಯ ಒಗ್ಗರಣೆಯ ಡಬ್ಬಿಯಲ್ಲಿ, ದಾಸವಾಳ ಅಂಗಳದಲ್ಲಿ, ಸೀಗೆಕಾಯಿ ಪಕ್ಕದ ಕಾಡಿನಲ್ಲಿ ಸಿಗುತ್ತವೆ. ಆದರೆ ಸಾಮಗ್ರಿ ಕೈಗೆಟುಕಿದ ಮಾತ್ರಕ್ಕೆ ಅದರ ಬಳಕೆ ಸರಿಯಾಗಿರುತ್ತದೆಂದು ಹೇಳಲಾಗದು. ನೇರ ಕೂದಲಿಗೆ ಹೊಂದುವ ಕ್ರಮವೇ ಗುಂಗುರು ಕೂದಲಿಗೆ ಸಿಕ್ಕು, ಒಣಗುವಿಕೆ ಮತ್ತು ತುಂಡಾಗುವಿಕೆಯನ್ನು ತರಬಲ್ಲದು.

ಯಾವ ಪದಾರ್ಥ ಏನು ಮಾಡುತ್ತದೆ, ಏನು ಮಾಡಲಾರದು, ಅದನ್ನು ಹೇಗೆ ತಯಾರಿಸಬೇಕು ಎಂಬುದರ ಸಂಗ್ರಹ ಇಲ್ಲಿದೆ. ಆರಂಭದಲ್ಲೇ ಹೇಳಬೇಕಾದ ಮಾತೊಂದಿದೆ. ಮನೆಯ ಯಾವ ಲೇಪವೂ ಕೂದಲಿನ ಆಕಾರವನ್ನು ಬದಲಿಸುವುದಿಲ್ಲ. ಬೆಳೆದು ಹೊರಬಂದ ಕೂದಲು ನಿರ್ಜೀವ ವಸ್ತುವಾದ್ದರಿಂದ ಅದಕ್ಕೆ ‘ಪೋಷಣೆ’ಯೂ ದೊರೆಯುವುದಿಲ್ಲ. ತೇವವನ್ನು ಉಳಿಸುವುದು, ಎಳೆಗಳ ನಡುವಣ ತಿಕ್ಕಾಟವನ್ನು ತಗ್ಗಿಸುವುದು, ತುಂಡಾಗುವುದನ್ನು ತಡೆಯುವುದು, ಇವಿಷ್ಟೇ ಆರೈಕೆಯ ಫಲ. ಆದರೆ ಗುಂಗುರು ಕೂದಲಿನವರಿಗೆ ಬೇಕಾದದ್ದೂ ಮುಖ್ಯವಾಗಿ ಇಷ್ಟೇ.

ಗುಂಗುರು ಕೂದಲು ಒಣಗುವುದೇಕೆ?

ಕೂದಲು ಕೆರಾಟಿನ್ ಎಂಬ ಪ್ರೋಟೀನಿನಿಂದಾದ ಎಳೆ. ಅದರ ಹೊರಮೈಯಲ್ಲಿ ಮನೆಯ ಹಂಚಿನಂತೆ ಒಂದರ ಮೇಲೊಂದು ಹೊಂದಿಕೊಂಡ ಸೂಕ್ಷ್ಮ ಹುರುಪೆಗಳಿರುತ್ತವೆ. ಇವು ಮಲಗಿದ್ದರೆ ಕೂದಲು ನುಣುಪಾಗಿ ಹೊಳೆಯುತ್ತದೆ. ಎದ್ದುನಿಂತರೆ ಒರಟಾಗಿ, ಒಂದಕ್ಕೊಂದು ತೊಡರಿಕೊಳ್ಳುತ್ತದೆ.

ನೇರ ಕೂದಲನ್ನು ಅಡ್ಡಲಾಗಿ ಕತ್ತರಿಸಿ ನೋಡಿದರೆ ಹೆಚ್ಚುಕಡಿಮೆ ದುಂಡಗಿರುತ್ತದೆ. ಗುಂಗುರು ಕೂದಲು ಚಪ್ಪಟೆಯಾದ ಅಂಡಾಕಾರದಲ್ಲಿರುತ್ತದೆ. ಅದು ಹುಟ್ಟುವ ಚರ್ಮದೊಳಗಿನ ಕೋಶವೇ ಬಾಗಿರುತ್ತದೆ. ನೆತ್ತಿಯಲ್ಲಿ ಸ್ರವಿಸುವ ಸಹಜ ಜಿಡ್ಡು ನೇರ ಕೂದಲಿನ ಗುಂಟ ಸುಲಭವಾಗಿ ಇಳಿಯುತ್ತದೆ. ಸುರುಳಿಯಾದ ಕೂದಲಿನಲ್ಲಿ ಅದು ಬುಡದಲ್ಲೇ ಉಳಿದು, ತುದಿಯವರೆಗೆ ತಲುಪುವುದಿಲ್ಲ. ಹೀಗಾಗಿ ನೆತ್ತಿ ಜಿಡ್ಡಾಗಿದ್ದರೂ ತುದಿ ಒಣಗಿರುತ್ತದೆ. ಪ್ರತಿ ತಿರುವಿನಲ್ಲೂ ಎಳೆ ದುರ್ಬಲವಾಗಿರುವುದರಿಂದ ಹಣಿಗೆ ಎಳೆದಾಗ ಅಲ್ಲಿಯೇ ತುಂಡಾಗುತ್ತದೆ. ‘ನನ್ನ ಕೂದಲು ಬೆಳೆಯುವುದೇ ಇಲ್ಲ’ ಎಂಬ ದೂರಿಗೆ ಬಹುತೇಕ ಕಾರಣ ಇದೇ. ತಲೆಗೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರಿನಷ್ಟು ಬೆಳೆಯುತ್ತದೆ; ಬೆಳೆದಷ್ಟೇ ತುದಿಯಲ್ಲಿ ಮುರಿದರೆ ಉದ್ದ ಕಾಣುವುದಿಲ್ಲ.

ಕೂದಲಿನ ಆಕಾರ ಕೋಶದಲ್ಲಿ ನಿಶ್ಚಯವಾಗುವುದರಿಂದ, ಮಗುವಿನ ಜಾವಳ ತೆಗೆಸಿದರೆ ಗುಂಗುರು ಹೋಗಿ ನೇರ ಕೂದಲು ಬರುತ್ತದೆಂಬ ನಂಬಿಕೆಗೆ ಆಧಾರವಿಲ್ಲ. ಶೈಶವದ ಮೃದು ಕೂದಲು ವಯಸ್ಸಿನೊಂದಿಗೆ ತಾನಾಗಿ ಬದಲಾಗುತ್ತದೆಯೇ ಹೊರತು ಕತ್ತಿಯಿಂದಲ್ಲ.

ನಮ್ಮ ನಾಡಿನ ಗುಂಗುರು

ಕನ್ನಡಕ್ಕೆ ಗುಂಗುರು ಕೂದಲು ಅಪರಿಚಿತವಲ್ಲ. ಕುರುಳು, ಮುಂಗುರುಳು ಎಂಬ ಪದಗಳು ಸೌಂದರ್ಯದ ವರ್ಣನೆಗೆಂದೇ ನಮ್ಮ ಕಾವ್ಯದಲ್ಲಿ ನಿಂತಿವೆ. ಧಾರವಾಡವನ್ನೊಳಗೊಂಡ ಈ ಸೀಮೆಗೆ ಶಾಸನಗಳಲ್ಲಿರುವ ಪ್ರಾಚೀನ ಹೆಸರು ಕುಂತಳ. ಸಂಸ್ಕೃತದಲ್ಲಿ ಅದೇ ಪದಕ್ಕೆ ಕೂದಲು ಎಂಬ ಅರ್ಥವೂ ಉಂಟು.

ನಿತ್ಯ ಜೀವನದಲ್ಲಿ ಮಾತ್ರ ಈ ಮನ್ನಣೆ ಉಳಿದಿಲ್ಲ. ಎಣ್ಣೆ ಹಚ್ಚಿ, ನುಣ್ಣಗೆ ಬಾಚಿ, ರಿಬ್ಬನ್ ಕಟ್ಟಿದ ಎರಡು ಹೆರಳೇ ಶಾಲೆಯ ಶಿಸ್ತು ಎಂಬ ಅಳತೆಗೋಲಿನಲ್ಲಿ ಗುಂಗುರು ಕೂದಲಿನ ಹುಡುಗಿ ‘ತಲೆ ಬಾಚಿಕೊಳ್ಳದವಳು’ ಎನಿಸಿಕೊಳ್ಳುತ್ತಾಳೆ. ಮದುವೆಯ ಮಾತುಕತೆಗೆ ಮುನ್ನ ಕೂದಲನ್ನು ನೇರ ಮಾಡಿಸುವ ವಾಡಿಕೆ ನಗರಗಳಲ್ಲಿ ಬೆಳೆದಿದೆ.

ಇದೇ ಕಲಘಟಗಿ ತಾಲ್ಲೂಕಿನ ಕೆಲವು ಹಳ್ಳಿಗಳಲ್ಲಿ ಆಫ್ರಿಕಾ ಮೂಲದ ಸಿದ್ದಿ ಸಮುದಾಯದವರು ತಲೆಮಾರುಗಳಿಂದ ನೆಲೆಸಿದ್ದಾರೆ. ಪಕ್ಕದ ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಹಾಗೂ ಬೆಳಗಾವಿಯ ಖಾನಾಪುರದಲ್ಲೂ ಅವರಿದ್ದಾರೆ. ಕನ್ನಡ, ಕೊಂಕಣಿ, ಉರ್ದು ಅವರ ಆಡುಮಾತು. ಉತ್ತರ ಕನ್ನಡದ ಸಿದ್ದಿಯರಿಗೆ 2003ರಲ್ಲಿ ದೊರೆತ ಪರಿಶಿಷ್ಟ ಪಂಗಡದ ಮಾನ್ಯತೆ, ಧಾರವಾಡ ಮತ್ತು ಬೆಳಗಾವಿ ಜಿಲ್ಲೆಯವರಿಗೆ ದೊರೆತದ್ದು 2020ರ ತಿದ್ದುಪಡಿ ಕಾಯ್ದೆಯಿಂದ. ಅದೇ ವರ್ಷ ಶಾಂತಾರಾಮ ಸಿದ್ದಿ ಅವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಬಿಗಿ ಸುರುಳಿಯ ಕೂದಲಿನಿಂದಾಗಿ ತಮ್ಮದೇ ನಾಡಿನಲ್ಲಿ ‘ಯಾವ ದೇಶದವರು?’ ಎಂಬ ಪ್ರಶ್ನೆಯನ್ನು ಎದುರಿಸಬೇಕಾಗಿ ಬಂದಿರುವವರು ಇವರು. ಗುಂಗುರು ಕೂದಲಿನ ಆರೈಕೆ ಹೊರದೇಶದಿಂದ ಬಂದ ಹವ್ಯಾಸ ಎನ್ನುವವರು ಇದನ್ನು ನೆನೆಯಬೇಕು.

ಕೂದಲಿನ ಸ್ವರೂಪದ ಕಾರಣಕ್ಕೆ ಶಾಲೆ, ಕಚೇರಿಗಳಲ್ಲಿ ತಾರತಮ್ಯ ಮಾಡುವುದನ್ನು ನಿಷೇಧಿಸುವ ‘ಕ್ರೌನ್’ ಕಾಯ್ದೆಯನ್ನು ಅಮೆರಿಕದಲ್ಲಿ ಮೊದಲು ಜಾರಿಗೆ ತಂದದ್ದು ಕ್ಯಾಲಿಫೋರ್ನಿಯಾ ರಾಜ್ಯ, 2019ರಲ್ಲಿ. ಪ್ರಶ್ನೆ ಕೇವಲ ಅಲಂಕಾರದ್ದಲ್ಲ ಎಂಬುದಕ್ಕೆ ಇದು ಸಾಕ್ಷಿ.

ಮೊದಲು ನೀರನ್ನು ನೋಡಿ

ಲೇಪಕ್ಕಿಂತ ಮೊದಲು ಗಮನಿಸಬೇಕಾದದ್ದು ತಲೆಗೆ ಎರೆದುಕೊಳ್ಳುವ ನೀರು. ದುಮ್ಮವಾಡದ ಸಮೀಪ ಬೇಡ್ತಿ ಹಳ್ಳಕ್ಕೆ ಕಟ್ಟಿದ ನೀರಸಾಗರ ಜಲಾಶಯ ದಶಕಗಳ ಕಾಲ ಹುಬ್ಬಳ್ಳಿಗೆ ಕುಡಿಯುವ ನೀರನ್ನೊದಗಿಸಿದೆ. ಮಳೆಯಿಂದ ತುಂಬುವ ಇಂಥ ಕೆರೆ, ಜಲಾಶಯಗಳ ನೀರು ಸಾಮಾನ್ಯವಾಗಿ ಮೆದು. ಇದೇ ಜಿಲ್ಲೆಯ ಪೂರ್ವಕ್ಕೆ, ನವಲಗುಂದ, ಅಣ್ಣಿಗೇರಿಯ ಎರೆಭೂಮಿಯಲ್ಲಿ ಕೊಳವೆಬಾವಿಯ ನೀರು ಉಪ್ಪು, ಗಡಸು. ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಪೈಕಿ ಕೊಳವೆಬಾವಿಯನ್ನು ನಂಬಿದವುಗಳ ಸ್ಥಿತಿಯೂ ಇದೇ.

ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂಗಳು ಸಾಬೂನಿನೊಡನೆ ಸೇರಿ ಕರಗದ ಮಡ್ಡಿಯಾಗಿ ಕೂದಲಿಗೆ ಅಂಟುತ್ತವೆ. ಸಾಲದ್ದಕ್ಕೆ ಸಾಬೂನು ಕ್ಷಾರಗುಣದ್ದು. ನೆತ್ತಿಯ ಪಿಎಚ್ ಸುಮಾರು 5.5, ಕೂದಲೆಳೆಯದು ಇನ್ನೂ ಕಡಿಮೆ, 3.7ರ ಆಸುಪಾಸು, ಸಾಬೂನಿನದು 9ರಿಂದ 10. ಕ್ಷಾರ ತಗುಲಿದಾಗ ಕೂದಲಿನ ಹುರುಪೆಗಳು ಎದ್ದುನಿಲ್ಲುತ್ತವೆ. ಆದ್ದರಿಂದ ಗುಂಗುರು ಕೂದಲಿಗೆ ಮೈಸಾಬೂನು, ಬಟ್ಟೆ ಸಾಬೂನು, ಅಡುಗೆ ಸೋಡಾ ಮೂರೂ ವರ್ಜ್ಯ. ಗಡಸು ನೀರಿನ ಊರಿನವರು ಸಾಧ್ಯವಾದರೆ ಸಂಗ್ರಹಿಸಿಟ್ಟ ಮಳೆನೀರನ್ನು, ಅಥವಾ ಕೊನೆಯ ಎರಡು ತಂಬಿಗೆಗಾದರೂ ಫಿಲ್ಟರ್ ನೀರನ್ನು ಬಳಸುವುದು ಲೇಸು.

ತೊಳೆಯಲು: ಸೀಗೆಯ ಪುಡಿ ಬೇಡ, ಕಷಾಯ ಸಾಕು

‘ಶಾಂಪೂ’ ಎಂಬ ಪದವೇ ಹಿಂದಿಯ ‘ಚಾಂಪೋ’, ಅಂದರೆ ಒತ್ತಿ ನೀವುವುದು ಎಂಬುದರಿಂದ ಬಂದದ್ದು. ಪಾಟ್ನಾ ಮೂಲದ ದೀನ್ ಮಹಮ್ಮದ್ 19ನೇ ಶತಮಾನದ ಆದಿಯಲ್ಲಿ ಇಂಗ್ಲೆಂಡಿನ ಬ್ರೈಟನ್ನಿನಲ್ಲಿ ಸ್ನಾನಗೃಹ ತೆರೆದು ಅದನ್ನು ಜನಪ್ರಿಯಗೊಳಿಸಿದ. ಅದಕ್ಕೂ ಬಹಳ ಹಿಂದಿನಿಂದ ನಮ್ಮಲ್ಲಿ ತಲೆ ತೊಳೆಯಲು ಬಳಕೆಯಲ್ಲಿದ್ದದ್ದು ಸೀಗೆಕಾಯಿ ಮತ್ತು ಅಂಟುವಾಳ. ಎರಡರಲ್ಲೂ ನೊರೆ ಬರಿಸುವ ಸಪೋನಿನ್ ಎಂಬ ಅಂಶವಿದೆ. ಸಾಬೂನಿನಂತೆ ಇವು ಗಡಸು ನೀರಿನಲ್ಲಿ ಮಡ್ಡಿ ಕಟ್ಟುವುದಿಲ್ಲ. ಸೀಗೆಗೆ ಸಹಜವಾದ ಹುಳಿಗುಣ ಇರುವುದರಿಂದ ಕೂದಲಿನ ಹುರುಪೆಗಳಿಗೂ ಹಿತ. ಅಂಟುವಾಳ ಹೆಚ್ಚು ನೊರೆ ಕೊಡುತ್ತದೆ, ಹೆಚ್ಚು ಒಣಗಿಸುತ್ತದೆ. ಆದ್ದರಿಂದ ಗುಂಗುರು ಕೂದಲಿಗೆ ಸೀಗೆಯೇ ಮುಖ್ಯ, ಅಂಟುವಾಳ ಒಂದೆರಡು ಕಾಯಿ ಮಾತ್ರ.

ಸಾಮಾನ್ಯವಾಗಿ ಆಗುವ ತಪ್ಪು ಪುಡಿಯ ಬಳಕೆ. ಎಷ್ಟೇ ಜರಡಿ ಹಿಡಿದರೂ ಸೀಗೆಪುಡಿಯಲ್ಲಿ ನಾರಿನ ಒರಟು ಕಣಗಳಿರುತ್ತವೆ. ನೇರ ಕೂದಲಿನಿಂದ ಅವು ನೀರಿನೊಂದಿಗೆ ಜಾರಿಹೋಗುತ್ತವೆ. ಸುರುಳಿಗಳಲ್ಲಿ ಸಿಕ್ಕಿಕೊಂಡು ಎಳೆಗಳನ್ನು ಉಜ್ಜುತ್ತವೆ. ಪುಡಿಯನ್ನು ತೆಗೆಯಲು ತಿಕ್ಕಿದಷ್ಟೂ ಸಿಕ್ಕು ಹೆಚ್ಚುತ್ತದೆ. ‘ಸೀಗೆಕಾಯಿ ನನಗೆ ಆಗಿಬರುವುದಿಲ್ಲ’ ಎನ್ನುವ ಗುಂಗುರು ಕೂದಲಿನವರು ಒಮ್ಮೆ ಸೋಸಿದ ಕಷಾಯವನ್ನು ಬಳಸಿ ನೋಡಬಹುದು.

ಬೇಕಾಗುವ ಸಾಮಗ್ರಿ (ಭುಜದವರೆಗಿನ ಕೂದಲಿಗೆ): ಒಣ ಸೀಗೆಕಾಯಿ 6ರಿಂದ 8, ಬೀಜ ತೆಗೆದ ಅಂಟುವಾಳ 2, ಮೆಂತ್ಯ 1 ಚಮಚ, ನೀರು 3 ಲೋಟ.

ಮಾಡುವ ವಿಧಾನ: ಎಲ್ಲವನ್ನೂ ಜಜ್ಜಿ ರಾತ್ರಿ ನೆನೆಹಾಕಬೇಕು. ಬೆಳಿಗ್ಗೆ ಸಣ್ಣ ಉರಿಯಲ್ಲಿ 2 ಲೋಟಕ್ಕೆ ಇಳಿಯುವವರೆಗೆ ಕುದಿಸಿ, ಆರಿದ ಮೇಲೆ ಕಿವುಚಿ, ತೆಳು ಬಟ್ಟೆಯಲ್ಲಿ ಎರಡು ಬಾರಿ ಸೋಸಬೇಕು. ನೆತ್ತಿಗೆ ಹಾಕಿ ಬೆರಳ ತುದಿಯಿಂದ ಉಜ್ಜಿ, ಉಳಿದ ಕೂದಲನ್ನು ಇಳಿದುಬರುವ ಕಷಾಯದಲ್ಲೇ ತೊಳೆಯಬೇಕು. ತುದಿಗಳನ್ನು ತಿಕ್ಕಬಾರದು. ಎರಡೂ ಕಾಯಿಗಳು ಕಣ್ಣಿಗೆ ತಗುಲಿದರೆ ತೀವ್ರ ಉರಿ ತರುತ್ತವೆ. ಮಕ್ಕಳಿಗೆ ತಲೆಯನ್ನು ಹಿಂದಕ್ಕೆ ಬಾಗಿಸಿಯೇ ಎರೆಯಬೇಕು. ತಗುಲಿದರೆ ಧಾರಾಳ ನೀರಿನಿಂದ ತೊಳೆದು, ಉರಿ ಇಳಿಯದಿದ್ದಲ್ಲಿ ವೈದ್ಯರಿಗೆ ತೋರಿಸಬೇಕು.

ಲೋಳೆಯ ಲೇಪಗಳು

‘ಡೀಪ್ ಕಂಡೀಷನಿಂಗ್’ ಎಂದು ಈಗ ಕರೆಯುವುದಕ್ಕೆ ನಮ್ಮಲ್ಲಿ ಸಮೀಪವಾದದ್ದು ಎಲೆಗಳ ಲೋಳೆ. ಮಲೆನಾಡಿನ ಮನೆಗಳಲ್ಲಿ ಎಣ್ಣೆಸ್ನಾನದ ದಿನ ದಾಸವಾಳದ ಎಲೆ, ಮತ್ತಿಸೊಪ್ಪು ಮೊದಲಾದವನ್ನು ನೀರಿನಲ್ಲಿ ಕಿವುಚಿ ತೆಗೆಯುವ ಲೋಳೆಗೆ ಗೊಂಪು ಎನ್ನುತ್ತಾರೆ. ಎಲೆಯಲ್ಲಿರುವ ಲೋಳೆ ನೀರನ್ನು ಹಿಡಿದಿಟ್ಟುಕೊಳ್ಳುವ ಸಸ್ಯಜನ್ಯ ಶರ್ಕರ. ಕೂದಲಿನ ಮೇಲೆ ತೆಳುಪೊರೆಯಾಗಿ ಕುಳಿತು, ಎಳೆಗಳು ಪರಸ್ಪರ ಜಾರುವಂತೆ ಮಾಡುತ್ತದೆ. ಸಿಕ್ಕು ಬಿಡಿಸಲು ಇದಕ್ಕಿಂತ ಅಗ್ಗದ ಸಾಧನ ಇನ್ನೊಂದಿಲ್ಲ.

ದಾಸವಾಳದ ಲೋಳೆ: 15–20 ಬಲಿತ ಎಲೆಗಳನ್ನು ತೊಳೆದು ಒಂದು ಲೋಟ ನೀರಿನಲ್ಲಿ ಕೈಯಿಂದ ಚೆನ್ನಾಗಿ ಕಿವುಚಬೇಕು. ಮಿಕ್ಸರಿನಲ್ಲಿ ರುಬ್ಬಿದರೆ ಚೂರುಗಳು ಉಳಿಯುತ್ತವೆ. ಸೋಸಿದ ಲೋಳೆಯನ್ನು ತೊಳೆದ ಒದ್ದೆ ಕೂದಲಿಗೆ ಹಚ್ಚಿ, 20 ನಿಮಿಷ ಬಿಟ್ಟು, ಬೆರಳುಗಳಿಂದಲೇ ಸಿಕ್ಕು ಬಿಡಿಸಿ ನೀರು ಹಾಕಬೇಕು. ದಾಸವಾಳದ ಎಲೆಯ ಸಾರದಿಂದ ಕೂದಲು ಬೆಳೆಯಿತೆಂದು 2003ರಲ್ಲಿ ಪ್ರಕಟವಾದ ಅಧ್ಯಯನ ಇಲಿಗಳ ಮೇಲೆ ನಡೆದದ್ದು. ಅದನ್ನು ಮನುಷ್ಯರಿಗೂ ಅನ್ವಯಿಸಿ ಮಾಡುವ ಪ್ರಚಾರವನ್ನು ನಂಬಬೇಕಾಗಿಲ್ಲ.

ಮೆಂತ್ಯ–ಮೊಸರಿನ ಲೇಪ: 2 ದೊಡ್ಡ ಚಮಚ ಮೆಂತ್ಯವನ್ನು ರಾತ್ರಿ ನೆನೆಸಿ, ನುಣ್ಣಗೆ ರುಬ್ಬಿ, ಬಟ್ಟೆಯಲ್ಲಿ ಹಿಂಡಿ ಸೋಸಬೇಕು. ಅದಕ್ಕೆ 2 ಚಮಚ ಕಡೆದ ಮೊಸರು, 1 ಚಮಚ ಕೊಬ್ಬರಿ ಎಣ್ಣೆ ಸೇರಿಸಿ, ಮಧ್ಯದಿಂದ ತುದಿಯವರೆಗೆ ಹಚ್ಚಬೇಕು. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಟವೆಲನ್ನು ಸುತ್ತಿ ಅರ್ಧ ಗಂಟೆ ಬಿಟ್ಟರೆ ಸಾಕು. ಇಡೀ ರಾತ್ರಿ ಬಿಡುವುದರಿಂದ ಹೆಚ್ಚಿನ ಲಾಭವಿಲ್ಲ. ಸೋಸದೆ ಹಚ್ಚಿದ ಮೆಂತ್ಯ ಒಣಗಿದ ಮೇಲೆ ಸುರುಳಿಗಳಿಂದ ಬಿಡಿಸಲು ದಿನವಿಡೀ ಬೇಕಾದೀತು. ಶೇಂಗಾ ಅಥವಾ ಕಡಲೆ ತಿಂದರೆ ಅಲರ್ಜಿಯಾಗುವವರಿಗೆ ಮೆಂತ್ಯವೂ ಆಗಿಬರದಿರಬಹುದು. ಅಂಥವರು ಇದನ್ನು ಬಿಡುವುದೇ ಕ್ಷೇಮ.

ಲೋಳೆಸರ: ಎಲೆಯನ್ನು ಕತ್ತರಿಸಿ, ಬುಡದಿಂದ ಇಳಿಯುವ ಹಳದಿ ರಸ ಪೂರ್ತಿ ಸೋರಿಹೋಗುವವರೆಗೆ ನಿಲ್ಲಿಸಬೇಕು. ತುರಿಕೆ ತರುವುದು ಆ ರಸವೇ. ಒಳಗಿನ ತಿಳಿ ತಿರುಳನ್ನು ಮಾತ್ರ ಅರೆದು, ಸೋಸಿ ಬಳಸಬೇಕು.

ಅಗಸಿ: ರೊಟ್ಟಿಗೂ ಸೈ, ಸುರುಳಿಗೂ ಸೈ

ಗುಂಗುರು ಕೂದಲಿನವರಲ್ಲಿ ಇಂದು ಅತ್ಯಂತ ಜನಪ್ರಿಯವಾದ ಮನೆ ತಯಾರಿಕೆ ಅಗಸೆ ಬೀಜದ ಜೆಲ್. ಲೇಪದಂತೆ ಇದನ್ನು ತೊಳೆದು ತೆಗೆಯುವುದಿಲ್ಲ. ಒದ್ದೆ ಕೂದಲಿಗೆ ಹಚ್ಚಿ ಹಾಗೆಯೇ ಒಣಗಲು ಬಿಟ್ಟರೆ ಸುರುಳಿಗಳನ್ನು ಹಿಡಿದಿಡುತ್ತದೆ.

ಕಾಲು ಬಟ್ಟಲು ಅಗಸಿಗೆ 2 ಬಟ್ಟಲು ನೀರು ಹಾಕಿ, ತಳ ಹತ್ತದಂತೆ ಕೈಯಾಡಿಸುತ್ತ ಕುದಿಸಬೇಕು. ಸುಮಾರು 7ರಿಂದ 10 ನಿಮಿಷದಲ್ಲಿ ನೀರು ಮೊಟ್ಟೆಯ ಬಿಳಿಯಂತೆ ಎಳೆಎಳೆಯಾಗುತ್ತದೆ. ಆ ಹದದಲ್ಲಿ ಇಳಿಸಿ, ಬಿಸಿಯಿರುವಾಗಲೇ ಲೋಹದ ಜರಡಿಯಲ್ಲಿ ಸೋಸಬೇಕು. ಆರಿದ ಮೇಲೆ ಲೋಳೆ ಬೀಜವನ್ನು ಬಿಡುವುದಿಲ್ಲ. ತೊಳೆದ ಕೂದಲು ನೀರು ತೊಟ್ಟಿಕ್ಕುವಂತಿರುವಾಗಲೇ ಅಂಗೈಗೆ ಜೆಲ್ ತೆಗೆದುಕೊಂಡು ತುದಿಯಿಂದ ಮೇಲಕ್ಕೆ ಹಿಡಿಹಿಡಿಯಾಗಿ ಮೃದುವಾಗಿ ಅಮುಕಬೇಕು. ಪೂರ್ತಿ ಒಣಗುವವರೆಗೆ ಕೈ ಹಾಕಬಾರದು. ಒಣಗಿದಾಗ ಗಂಜಿ ಹಾಕಿದ ಬಟ್ಟೆಯಂತೆ ಬಿರುಸಾಗಿರುವುದು ಸಹಜ. ಎರಡು ಹನಿ ಎಣ್ಣೆಯನ್ನು ಅಂಗೈಗೆ ಸವರಿ ಮತ್ತೆ ಅಮುಕಿದರೆ ಬಿರುಸು ಹೋಗಿ ಸುರುಳಿ ಉಳಿಯುತ್ತದೆ.

ಎಣ್ಣೆ ಯಾವುದು, ಎಷ್ಟು?

ಕೊಬ್ಬರಿ ಎಣ್ಣೆಯ ಹಿರಿಮೆಗೆ ಪ್ರಯೋಗಾಲಯದ ಆಧಾರವಿದೆ. ಕೊಬ್ಬರಿ, ಸೂರ್ಯಕಾಂತಿ ಮತ್ತು ಖನಿಜ ಎಣ್ಣೆಗಳನ್ನು ಹೋಲಿಸಿ ಭಾರತೀಯ ವಿಜ್ಞಾನಿಗಳು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೂದಲಿನಿಂದ ಪ್ರೋಟೀನು ಸೋರಿಹೋಗುವುದನ್ನು ತಗ್ಗಿಸಿದ್ದು ಕೊಬ್ಬರಿ ಎಣ್ಣೆ ಮಾತ್ರ. ಅದರಲ್ಲಿರುವ ಲಾರಿಕ್ ಆಮ್ಲದ ಅಣು ಚಿಕ್ಕದಾಗಿ, ನೇರವಾಗಿರುವುದರಿಂದ ಎಳೆಯ ಒಳಕ್ಕೆ ಇಳಿಯುತ್ತದೆ. ಈ ಭಾಗದ ಕುಸುಬಿ ಎಣ್ಣೆ ರಚನೆಯಲ್ಲಿ ಸೂರ್ಯಕಾಂತಿಗೆ ಹತ್ತಿರ. ಅದನ್ನು ಒಳಗಿಳಿಯುವ ಎಣ್ಣೆಯಾಗಿ ಎಣಿಸದೆ, ತೇವ ಆರದಂತೆ ಒದ್ದೆ ಕೂದಲಿನ ತುದಿಗೆ ಸವರುವ ಹೊರಮೈ ಎಣ್ಣೆಯಾಗಿ ಬಳಸಬಹುದು.

ಕ್ರಮ ಹೀಗೆ: ತಲೆ ತೊಳೆಯುವ ಒಂದೆರಡು ಗಂಟೆ ಮುಂಚೆ ಕೊಬ್ಬರಿ ಎಣ್ಣೆಯನ್ನು ಕೂದಲಿನ ಉದ್ದಕ್ಕೂ ಹಚ್ಚಬೇಕು. ತೊಳೆದ ಮೇಲೆ ಒದ್ದೆ ತುದಿಗೆ ಕೆಲವೇ ಹನಿ. ತಲೆಹೊಟ್ಟು ಇರುವವರು ನೆತ್ತಿಗೆ ಎಣ್ಣೆ ಹಚ್ಚಿ ರಾತ್ರಿಯಿಡೀ ಬಿಡಬಾರದು. ಹೊಟ್ಟಿಗೆ ಕಾರಣವಾದ ಶಿಲೀಂಧ್ರ ಜಿಡ್ಡನ್ನೇ ಉಂಡು ಬೆಳೆಯುತ್ತದೆ.

ಔಡಲ ಎಣ್ಣೆಗೆ ಕೂದಲು ಬೆಳೆಸುವ ಗುಣವಿದೆಯೆಂಬುದು ಸಿದ್ಧವಾಗಿಲ್ಲ. ಅದು ಅತಿ ಮಂದ. ಉದ್ದ ಕೂದಲಿನ ಮಹಿಳೆಯೊಬ್ಬರಿಗೆ ಔಡಲ ಎಣ್ಣೆ ಬಳಸಿದ ನಂತರ ಕೂದಲು ಹಕ್ಕಿಗೂಡಿನಂತೆ ಬಿಡಿಸಲಾಗದೆ ಗಂಟುಕಟ್ಟಿ, ಕತ್ತರಿಸಬೇಕಾಗಿ ಬಂದ ಪ್ರಸಂಗ 2017ರಲ್ಲಿ ಭಾರತದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ವರದಿಯಾಗಿದೆ. ಇಂಥದು ವಿರಳ. ಬಳಸುವುದಾದರೆ ನಾಲ್ಕು ಪಾಲು ಕೊಬ್ಬರಿ ಎಣ್ಣೆಗೆ ಒಂದು ಪಾಲಿಗಿಂತ ಹೆಚ್ಚು ಬೆರೆಸದಿರುವುದು ಮೇಲು.

ಕೊನೆಯ ನೀರು

ತೊಳೆದಾದ ಮೇಲೆ ಕೊನೆಯ ತಂಬಿಗೆಯಾಗಿ ಹಾಕಿಕೊಳ್ಳುವ ಮೂಲಿಕೆ ನೀರಿನ ಉದ್ದೇಶ, ಎದ್ದ ಹುರುಪೆಗಳನ್ನು ಮಲಗಿಸುವುದು ಮತ್ತು ಗಡಸು ನೀರಿನ ಮಡ್ಡಿಯನ್ನು ತೆಗೆಯುವುದು.

ನಿಂಬೆ ನೀರು: 1 ಲೀಟರ್ ನೀರಿಗೆ 1 ಸಣ್ಣ ಚಮಚ ರಸ. ಇದಕ್ಕಿಂತ ಗಾಢವಾದರೆ ನೆತ್ತಿ ಉರಿಯುತ್ತದೆ. ಕೆಲವು ನಿಮಿಷಗಳ ನಂತರ ಬರೀ ನೀರಿನಿಂದ ತೊಳೆಯುವುದು ಕಡ್ಡಾಯ. ನಿಂಬೆರಸ ಚರ್ಮದ ಮೇಲೆ ಉಳಿದಾಗ ಬಿಸಿಲು ತಗುಲಿದರೆ ಹಣೆ, ಕುತ್ತಿಗೆಯಲ್ಲಿ ಸುಟ್ಟಂಥ ಕಲೆ ಏಳುವುದುಂಟು.

ನೆಲ್ಲಿಚೆಟ್ಟಿನ ಕಷಾಯ: ಒಣಗಿಸಿದ ನೆಲ್ಲಿಕಾಯಿ 2 ದೊಡ್ಡ ಚಮಚವನ್ನು 1 ಲೀಟರ್ ನೀರಿನಲ್ಲಿ 10 ನಿಮಿಷ ಕುದಿಸಿ, ಸೋಸಿ, ಆರಿಸಿ ಬಳಸಬೇಕು. ಕಬ್ಬಿಣದ ಬಾಣಲೆಯಲ್ಲಿ ಕುದಿಸಿದರೆ ನೆಲ್ಲಿಯ ಒಗರು ಕಬ್ಬಿಣದೊಡನೆ ಕೂಡಿ ಕಪ್ಪಾಗುತ್ತದೆ. ನರೆತ ಕೂದಲಿಗೆ ತುಸು ಬಣ್ಣ ಬರುವುದು ಇದರಿಂದಲೇ. ಒಗರು ಹೆಚ್ಚಾದರೆ ಕೂದಲು ಒಣಗುವುದರಿಂದ 15 ದಿನಕ್ಕೊಮ್ಮೆ ಸಾಕು.

ಅಕ್ಕಿ ತೊಳೆದ ನೀರು: ಚೀನಾದ ಗುವಾಂಗ್ಸಿ ಪ್ರಾಂತದ ಯಾವ್ ಮಹಿಳೆಯರ ನೀಳ ಕೂದಲಿನ ಕಥೆಯಿಂದ ಇದು ಜಗತ್ತಿನಲ್ಲೆಲ್ಲ ಪ್ರಸಿದ್ಧಿಗೆ ಬಂದಿದೆ. ಭತ್ತ ಬೆಳೆಯುವ ಕಲಘಟಗಿಯ ಸೀಮೆಯಲ್ಲಿ ಇದಕ್ಕೆ ಕೊರತೆಯಿಲ್ಲ. ಪಿಷ್ಟದ ಪೊರೆಯಿಂದ ಸಣ್ಣ ಕೂದಲಿಗೆ ತುಸು ಗಟ್ಟಿತನ ಬರುತ್ತದೆ. ಒರಟಾದ ಗುಂಗುರು ಕೂದಲನ್ನು ಅದು ಇನ್ನಷ್ಟು ಬಿರುಸಾಗಿಸಬಹುದು. ಅಂಥವರು ತಿಂಗಳಿಗೊಮ್ಮೆ ಮಾತ್ರ, ತೆಳುಗೊಳಿಸಿ ಪರೀಕ್ಷಿಸಬೇಕು.

ಹಣಿಗೆ, ಧೋತರ, ಹೆರಳು

ಒಣಗಿದ ಗುಂಗುರು ಕೂದಲನ್ನು ಎಂದಿಗೂ ಬಾಚಬಾರದು. ಲೋಳೆ ಹಚ್ಚಿದ ಒದ್ದೆ ಕೂದಲಿಗೆ ಅಗಲ ಹಲ್ಲಿನ ಹಣಿಗೆಯನ್ನು ತುದಿಯಿಂದ ಆರಂಭಿಸಿ ಮೇಲಕ್ಕೆ ಹೋಗುತ್ತ ಬಳಸಬೇಕು. ಟರ್ಕಿ ಟವೆಲಿನ ಎಳೆಗಳು ಸುರುಳಿಯನ್ನು ಕೆದರುತ್ತವೆ. ತೊಳೆದು ತೊಳೆದು ಮೆತ್ತಗಾದ ಹಳೆಯ ಧೋತರ ಅಥವಾ ಹತ್ತಿ ಸೀರೆಯ ತುಂಡು ಉತ್ತಮ. ಒರೆಸದೆ, ಬಟ್ಟೆಯಲ್ಲಿ ಸುತ್ತಿ ನೀರು ಹೀರಿಸಬೇಕು. ರಾತ್ರಿ ಸಡಿಲವಾದ ಹೆರಳು ಹಾಕಿ, ನುಣುಪು ಬಟ್ಟೆಯ ಮೇಲೆ ತಲೆಯಿಟ್ಟರೆ ಬೆಳಗಿನ ಸಿಕ್ಕು ಅರ್ಧ ಕಡಿಮೆ. ಬಿಗಿಯಾದ ಹೆರಳು, ತುರುಬು ದೀರ್ಘಕಾಲ ಮುಂದುವರಿದರೆ ಹಣೆಯಂಚಿನ ಕೂದಲು ಶಾಶ್ವತವಾಗಿ ಉದುರುವ ಅಪಾಯವಿದೆ. ಶಾಲೆಗೆ ಹೋಗುವ ಮಕ್ಕಳ ತಾಯಂದಿರು ಇದನ್ನು ವಿಶೇಷವಾಗಿ ಗಮನಿಸಬೇಕು.

ಅಲೆಯಲೆಯಾದ ಕೂದಲಿಗೆ ವಾರಕ್ಕೆ ಎರಡು ಬಾರಿ, ಗುಂಗುರಿಗೆ ವಾರಕ್ಕೊಮ್ಮೆ, ಸಿದ್ದಿಯರಂಥ ಬಿಗಿ ಸುರುಳಿಗೆ 7ರಿಂದ 14 ದಿನಕ್ಕೊಮ್ಮೆ ತಲೆ ತೊಳೆಯುವುದು ಸಾಮಾನ್ಯ ಪ್ರಮಾಣ. ಬೆವರು, ಧೂಳಿನ ಕೆಲಸ ಮಾಡುವವರು ನಡುವೆ ಬರೀ ನೀರಿನಿಂದ ನೆತ್ತಿಯನ್ನು ತೊಳೆಯಬಹುದು.

ಕೆಡುವ ಪದಾರ್ಥ, ಎಚ್ಚರ

ಮನೆಯ ತಯಾರಿಕೆಯಲ್ಲಿ ಕೆಡದಂತೆ ತಡೆಯುವ ರಾಸಾಯನಿಕ ಇರುವುದಿಲ್ಲ. ಅದೇ ಅದರ ಗುಣ, ಅದೇ ಅದರ ದೋಷ. ಎಲೆಯ ಲೋಳೆ, ಮೊಸರಿನ ಲೇಪಗಳನ್ನು ಅಂದಂದೇ ಬಳಸಿ ಮುಗಿಸಬೇಕು. ಸೀಗೆ ಕಷಾಯ ಫ್ರಿಜ್ಜಿನಲ್ಲಿ 2–3 ದಿನ, ಅಗಸಿ ಜೆಲ್ ಸುಮಾರು ಒಂದು ವಾರ ಇರುತ್ತದೆ. ವಾಸನೆ, ಬಣ್ಣ ಬದಲಾದರೆ ಚೆಲ್ಲಬೇಕು. ಯಾವುದೇ ಹೊಸ ಪದಾರ್ಥವನ್ನು ಮೊದಲು ಮೊಣಕೈಯ ಒಳಮಗ್ಗುಲಿಗೆ ಹಚ್ಚಿ ಒಂದು ದಿನ ಕಾದು ನೋಡುವುದು ವಿವೇಕ.

ಹಸಿ ಮೊಟ್ಟೆಯ ಪ್ರೋಟೀನು ಕೂದಲಿಗೆ ಸೇರುತ್ತದೆಂಬ ಮಾತೂ ಬಳಕೆಯಲ್ಲಿದೆ. ಮೊಟ್ಟೆಯ ಪ್ರೋಟೀನಿನ ಅಣು ಎಳೆಯೊಳಗೆ ಇಳಿಯಲಾರದಷ್ಟು ದೊಡ್ಡದು. ಅದನ್ನು ತಲೆಗೆ ಹಚ್ಚುವುದಕ್ಕಿಂತ ತಿನ್ನುವುದರಿಂದಲೇ ಲಾಭ ಹೆಚ್ಚು.

ನೇರ ಮಾಡಿಸುವ ಮುನ್ನ

ಮನೆಯ ಆರೈಕೆ ನಿಧಾನ; ಪಾರ್ಲರಿನ ಕೆರಾಟಿನ್ ಚಿಕಿತ್ಸೆ ಎರಡು ಮೂರು ಗಂಟೆಗಳ ಕೆಲಸ. ಆದರೆ ಇಂಥ ಕೆಲವು ದ್ರಾವಣಗಳು ಬಿಸಿ ಮಾಡಿದಾಗ ಫಾರ್ಮಾಲ್ಡಿಹೈಡ್ ಅನಿಲವನ್ನು ಬಿಡುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಅದನ್ನು ಮನುಷ್ಯರಿಗೆ ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿದೆ. ‘ಫಾರ್ಮಾಲ್ಡಿಹೈಡ್‌ರಹಿತ’ ಎಂದು ಬಂದ ಬದಲಿ ಉತ್ಪನ್ನಗಳಲ್ಲಿ ಗ್ಲೈಆಕ್ಸಿಲಿಕ್ ಆಮ್ಲವಿರುವುದುಂಟು. 2020ರಿಂದ 2022ರ ನಡುವೆ ಮೂರು ಬಾರಿ ಕೂದಲು ನೇರ ಮಾಡಿಸಿಕೊಂಡ 26 ವರ್ಷದ ಯುವತಿಗೆ ಮೂರು ಬಾರಿಯೂ ಮೂತ್ರಪಿಂಡಕ್ಕೆ ಹಾನಿಯಾದ ಪ್ರಸಂಗವನ್ನು ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ 2024ರಲ್ಲಿ ಪ್ರಕಟಿಸಿತು. ಆಮ್ಲ ನೆತ್ತಿಯ ಮೂಲಕ ದೇಹ ಸೇರಿ ಮೂತ್ರಪಿಂಡದಲ್ಲಿ ಆಕ್ಸಲೇಟ್ ಹರಳುಗಳಾಗುತ್ತದೆಂದು ಆ ವೈದ್ಯರು ಶಂಕಿಸಿದ್ದಾರೆ. ಚಿಕಿತ್ಸೆ ಮಾಡಿಸಲೇಬೇಕೆನ್ನುವವರು ದ್ರಾವಣದ ಹೆಸರನ್ನಷ್ಟೇ ಕೇಳದೆ, ಬಾಟಲಿಯ ಮೇಲಿನ ಪದಾರ್ಥಗಳ ಪಟ್ಟಿಯನ್ನು ಓದಬೇಕು. ನಂತರ ವಾಂತಿ, ಜ್ವರ, ಬೆನ್ನುನೋವು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ವೈದ್ಯರ ಬಳಿಗೆ ಯಾವಾಗ?

ಕೂದಲು ತುದಿಯಲ್ಲಿ ಮುರಿಯುವುದು ಆರೈಕೆಯ ವಿಷಯ. ಬುಡದಿಂದ ಉದುರುವುದು ಆರೋಗ್ಯದ ವಿಷಯ. ಉದುರಿದ ಕೂದಲಿನ ಒಂದು ತುದಿಯಲ್ಲಿ ಸಣ್ಣ ಬಿಳಿ ಗಂಟು ಕಂಡರೆ ಅದು ಬುಡದಿಂದ ಬಂದದ್ದು. ದಿನಕ್ಕೆ ಕೆಲವು ಹತ್ತರಷ್ಟು ಹೀಗೆ ಉದುರುವುದು ಸಹಜ. ಹಠಾತ್ತನೆ ಹೆಚ್ಚಿದರೆ ರಕ್ತಹೀನತೆ, ಥೈರಾಯ್ಡ್ ತೊಂದರೆ, ದೀರ್ಘ ಜ್ವರ ಕಾರಣವಿರಬಹುದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ರಾಜ್ಯದ 15ರಿಂದ 49 ವರ್ಷದ ಮಹಿಳೆಯರಲ್ಲಿ ಅರ್ಧಕ್ಕೆ ಸಮೀಪದಷ್ಟು ಜನ ರಕ್ತಹೀನತೆಯುಳ್ಳವರು. ಹೆರಿಗೆಯಾದ ಕೆಲವು ತಿಂಗಳಲ್ಲಿ ಉದುರುವ ಕೂದಲು ಸಾಮಾನ್ಯವಾಗಿ ವರ್ಷದೊಳಗೆ ಮರಳುತ್ತದೆ. ನಾಣ್ಯದಗಲದ ಬೋಳು, ನೆತ್ತಿಯಲ್ಲಿ ಕೀವು, ಹುಣ್ಣು ಕಂಡರೆ ಯಾವ ಲೇಪವನ್ನೂ ಹಚ್ಚದೆ ಚರ್ಮರೋಗ ತಜ್ಞರನ್ನು ಕಾಣಬೇಕು. ತಾಲ್ಲೂಕು, ಜಿಲ್ಲಾ ಆಸ್ಪತ್ರೆಗಳಲ್ಲಿ ರಕ್ತಪರೀಕ್ಷೆಯ ಸೌಲಭ್ಯವಿದೆ.

ವಾರದ ಕ್ರಮ, ಸಂಕ್ಷಿಪ್ತವಾಗಿ

ತೊಳೆಯುವ ದಿನ: ಒಂದೆರಡು ಗಂಟೆ ಮುಂಚೆ ಕೊಬ್ಬರಿ ಎಣ್ಣೆ, ಸೋಸಿದ ಸೀಗೆ ಕಷಾಯದಿಂದ ನೆತ್ತಿ ತೊಳೆಯುವುದು, ದಾಸವಾಳ ಅಥವಾ ಮೆಂತ್ಯದ ಲೇಪ 20–30 ನಿಮಿಷ, ಒದ್ದೆಯಲ್ಲೇ ಸಿಕ್ಕು ಬಿಡಿಸುವುದು, ಗಡಸು ನೀರಿನ ಊರಾದರೆ ತೆಳು ನಿಂಬೆ ನೀರು, ನಂತರ ಬರೀ ನೀರು, ಕೊನೆಗೆ ಅಗಸಿ ಜೆಲ್ ಹಚ್ಚಿ ಗಾಳಿಯಲ್ಲಿ ಒಣಗಿಸುವುದು.

ನಡುವಿನ ದಿನಗಳು: ಬೆಳಿಗ್ಗೆ ಅಂಗೈಯಿಂದ ನೀರು ಚಿಮುಕಿಸಿ ಸುರುಳಿಗಳನ್ನು ಅಮುಕುವುದು, ತುದಿಗೆ ಎರಡು ಹನಿ ಎಣ್ಣೆ, ರಾತ್ರಿ ಸಡಿಲ ಹೆರಳು.

ಈ ಕ್ರಮವನ್ನು ಎರಡು ತಿಂಗಳು ಪಾಲಿಸಿದ ನಂತರವೇ ಫಲವನ್ನು ಅಳೆಯಬೇಕು. ಎಲ್ಲವನ್ನೂ ಒಮ್ಮೆಗೇ ಆರಂಭಿಸದೆ, ವಾರಕ್ಕೊಂದರಂತೆ ಸೇರಿಸುತ್ತ ಹೋದರೆ ತಮ್ಮ ಕೂದಲಿಗೆ ಯಾವುದು ಹೊಂದಿತು, ಯಾವುದು ಹೊಂದಲಿಲ್ಲ ಎಂಬುದು ತಿಳಿಯುತ್ತದೆ. ಹಣಿಗೆಯಲ್ಲಿ ಸಿಗುವ ಮುರಿದ ತುಂಡುಗಳು ಕಡಿಮೆಯಾಗುತ್ತಿವೆಯೇ ಎಂಬುದೇ ಇದರ ನಿಜವಾದ ಪರೀಕ್ಷೆ.